ಎಲುಬು ಜಾಗಕ್ಕೆ ಬರುವ ತನಕ

ಮದೀನಾದ ಮಸೀದಿಗೆ ಒಬ್ಬಾತ ಬಂದು ನಮಾಜ್ ಮಾಡಿದ. ಮುಗಿಸಿಕೊಂಡು, ಒಂದು ಪಕ್ಕದಲ್ಲಿ ಕೂತಿದ್ದ ಪ್ರವಾದಿ ಮುಹಮ್ಮದರ (ಸ) ಹತ್ತಿರ ಹೋಗಿ ಸಲಾಮ್ ಹೇಳಿದ. ಪ್ರವಾದಿಯವರು ಸಲಾಮಿಗೆ ಉತ್ತರ ಕೊಟ್ಟು, ಹೋಗಿ ಇನ್ನೊಮ್ಮೆ ಮಾಡಿ ಬಾ, ನೀನು ನಮಾಜ್ ಮಾಡಿಯೇ ಇಲ್ಲ ಎಂದರು. ಆತ ಹೋಗಿ ಮತ್ತೆ ಮಾಡಿದ. ಮತ್ತೆ ಅದೇ ಮಾತು. ಮೂರು ಸಲ ಹೀಗಾದ ಮೇಲೆ, ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ, ಕಲಿಸಿಕೊಡಿ ಎಂದು ಕೇಳಿಕೊಂಡ. ಆಗ ಅವರು ಹೇಳಿಕೊಟ್ಟ ಪಾಠ ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಓದಬೇಕಾದ್ದರ ಬಗ್ಗೆ ಅದರಲ್ಲಿ ಒಂದೇ ಮಾತು. ನಿನಗೆ ಸುಲಭವಾದಷ್ಟು ಕುರ್‌ಆನ್ ಓದು ಎಂದು. ಉಳಿದದ್ದೆಲ್ಲ ನಿಲ್ಲುವುದರ ಬಗ್ಗೆ. ಬಾಗಿದಾಗ ಮೈ ನೆಲೆಗೊಳ್ಳುವ ತನಕ ಬಾಗಿರು, ಎದ್ದಾಗ ನೆಟ್ಟಗಾಗುವ ತನಕ ನಿಂತಿರು, ಹಣೆ ಊರಿದಾಗ ಅಲ್ಲೇ ತಂಗು, ಕೂತಾಗ ಸರಿಯಾಗಿ ಕೂತಿರು.

ಆತನ ತಪ್ಪು ಅವಸರ. ಹೊಸದಾಗಿ ಕಲಿಯುವವರು ಇವತ್ತಿಗೂ ಮಾಡುವ ತಪ್ಪು ಅದೇ. ಐವತ್ತು ವರ್ಷ ನಮಾಜ್ ಮಾಡಿದ ಅನೇಕರದ್ದೂ ಅದೇ ಎನ್ನಿ. ದೂರದಿಂದ ನೋಡುವವರ ಕಣ್ಣಿಗೆ ಬೀಳುವುದು ಏಳುವುದು, ಬಾಗುವುದು, ಹಣೆ ಊರುವುದು. ಕಸುಬು ಇರುವುದು ಆ ಚಲನೆಗಳಲ್ಲಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವ ಮೊದಲಿನ ತಂಗುವಿಕೆಯಲ್ಲಿ. ಪುಸ್ತಕದಿಂದ ಅನುಕ್ರಮ ಕಲಿಯಬಹುದು. ತಂಗುವುದನ್ನು ಕಲಿಯಲು ಬಲ್ಲವರ ಪಕ್ಕದಲ್ಲಿ ನಿಂತೇ ತೀರಬೇಕು.

ಮಕ್ಕಳಿಗೆ ಏಳು ವರ್ಷವಾದಾಗ ನಮಾಜ್ ಹೇಳಿಕೊಡಬೇಕೆಂಬುದು ರೂಢಿ. ಬೆಳಗಿನ ಮದರಸಾದಲ್ಲಿ, ಅಜ್ಜನ ಪಕ್ಕದಲ್ಲಿ, ಅಡುಗೆ ಮನೆಯ ಮೂಲೆಯಲ್ಲಿ ಅಜ್ಜಿಯ ಹಿಂದೆ ನಿಂತು, ಆಟವಾಡುತ್ತಲೇ ಅವರ ಮೈಗೆ ಅದು ಹತ್ತುತ್ತದೆ. ಇಲ್ಲಿ ಹೇಳಹೊರಟಿರುವುದು ದೊಡ್ಡವರಾದ ಮೇಲೆ ಕಲಿಯುವವರ ಬಗ್ಗೆ. ಎರಡನೇ ಕ್ಲಾಸಿಗೇ ಮದರಸಾ ಬಿಟ್ಟವರು, ಕೆಲಸಕ್ಕೆಂದು ಊರು ಬಿಟ್ಟು ಮರೆತವರು, ಹೊಸದಾಗಿ ಇಸ್ಲಾಮಿಗೆ ಬಂದವರು. ಇವರಿಗೆ ಅರಬಿಗಿಂತ ದೊಡ್ಡ ಅಡ್ಡಿ ನಾಚಿಕೆ. ಹತ್ತು ವರ್ಷದ ಹುಡುಗ ಸರಾಗವಾಗಿ ಮಾಡುವುದನ್ನು ಮೂವತ್ತರ ಗಂಡಸು ಕದ್ದು ನೋಡಿ ಅನುಕರಿಸಬೇಕು. ಹಾಗಾಗಿ ಹಲವರು ಶುಕ್ರವಾರದ ಜುಮಾಕ್ಕೆ ಹೋಗಿ, ಹಿಂದಿನ ಸಾಲಿನಲ್ಲಿ ನಿಂತು, ಎಲ್ಲರ ಜೊತೆ ಬಾಗಿ ಎದ್ದು, ತುಟಿ ಆಡಿಸಿ ಬಂದುಬಿಡುತ್ತಾರೆ. ವರ್ಷಗಟ್ಟಲೆ ಹೀಗೇ ನಡೆಯುತ್ತದೆ.

ಕಲಿಕೆ ಶುರುವಾಗುವುದು ನೀರಿನಿಂದ. ವುಜೂ, ಅಂದರೆ ನಮಾಜಿಗೆ ಮೊದಲಿನ ಅಂಗಶುದ್ಧಿ, ಇಲ್ಲದೆ ನಮಾಜ್ ಇಲ್ಲ. ಕುರ್‌ಆನ್ ಹೇಳಿದ್ದು ನಾಲ್ಕು ಅಂಗ: ಮುಖ ತೊಳೆಯುವುದು, ಮೊಣಕೈಯವರೆಗೆ ಕೈ ತೊಳೆಯುವುದು, ತಲೆಗೆ ಒದ್ದೆ ಕೈ ಸವರುವುದು, ಹರಡಿನವರೆಗೆ ಕಾಲು ತೊಳೆಯುವುದು. ಮೊದಲು ಮುಂಗೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗಿಗೆ ನೀರೇರಿಸಿ, ಪ್ರತಿಯೊಂದನ್ನೂ ಮೂರು ಸಲ ತೊಳೆಯುವುದು ಪ್ರವಾದಿಯವರ ನಡೆಯಿಂದ ಬಂದ ಸುನ್ನತ್ತು. ಕೇಳಲು ಸುಲಭ. ಆದರೆ ಕಲಿಸುವವರು ನೋಡುವುದು ಬೇರೆ ಕಡೆ. ಮುಖ ಎಲ್ಲರೂ ತೊಳೆಯುತ್ತಾರೆ. ನೀರು ತಪ್ಪಿಸಿಕೊಳ್ಳುವುದು ಮೊಣಕೈಯ ಹಿಂದೆ, ಉಂಗುರದ ಕೆಳಗೆ, ಕಾಲ್ಬೆರಳ ಸಂದಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹಿಮ್ಮಡಿಯಲ್ಲಿ. ಅವಸರದಲ್ಲಿ ವುಜೂ ಮಾಡಿ ಹಿಮ್ಮಡಿ ಒಣಗಿದ್ದವರನ್ನು ಪ್ರವಾದಿಯವರು ಗಟ್ಟಿ ದನಿಯಲ್ಲೇ ಎಚ್ಚರಿಸಿದ್ದುಂಟು. ಎಡಗೈಯ ಕಿರುಬೆರಳನ್ನು ಕಾಲ್ಬೆರಳುಗಳ ನಡುವೆ ಒಂದೊಂದಾಗಿ ಆಡಿಸುವ ಕ್ರಮ ಹುಟ್ಟಿದ್ದು ಇಂಥ ಎಚ್ಚರದಿಂದಲೇ. ಹಾಗೆಂದು ನಲ್ಲಿ ತಿರುವಿ ಬಿಟ್ಟು ನಿಲ್ಲುವುದೂ ತಪ್ಪು. ಪ್ರವಾದಿಯವರ ವುಜೂಗೆ ಒಂದು ಮುದ್ದ್ ನೀರು ಸಾಕಾಗುತ್ತಿತ್ತು. ಮುದ್ದ್ ಎಂದರೆ ಬೊಗಸೆಯ ಅಳತೆ, ಹೆಚ್ಚುಕಡಿಮೆ ಮುಕ್ಕಾಲು ಲೀಟರು. ನಮ್ಮ ಮಸೀದಿಗಳ ನಲ್ಲಿಗಳ ಮುಂದೆ ಕೂತು ನೋಡಿದರೆ ಈ ಸುನ್ನತ್ತನ್ನು ನಾವೆಲ್ಲ ಸೇರಿ ಮರೆತಿದ್ದೇವೆ ಎನ್ನಿಸುತ್ತದೆ. ವುಜೂಗೆಂದು ಕಟ್ಟಿದ ಕೊಳ, ಹೌಜ್, ಇದ್ದ ಕಾಲವೇ ವಾಸಿ. ಹತ್ತು ಮೊಳ ಉದ್ದ, ಹತ್ತು ಮೊಳ ಅಗಲವಿದ್ದರೆ ಅದು ದೊಡ್ಡ ನೀರು, ಬಳಸಿದ ಮಾತ್ರಕ್ಕೆ ಕೆಡುವುದಿಲ್ಲ ಎಂಬುದು ಹನಫಿ ಪಂಥದ ಪಂಡಿತರ ಲೆಕ್ಕ. ಹಳೆಯ ಮಸೀದಿಗಳ ಹೌಜುಗಳ ಹಿಂದೆ ಈ ಲೆಕ್ಕವೂ ಇದೆ.

ದಿಕ್ಕು, ಹೊತ್ತು ಎರಡನ್ನೂ ಈಗ ಮೊಬೈಲೇ ಹೇಳುತ್ತದೆ, ಅದರ ಬಗ್ಗೆ ಹೆಚ್ಚು ಬೇಡ. ನಮಾಜಿಗೆ ಮುಖ ಮಾಡಬೇಕಾದ ಮಕ್ಕಾದ ಕಾಬಾ ಬೆಂಗಳೂರಿನಿಂದ ಇರುವುದು ನೇರ ಪಶ್ಚಿಮಕ್ಕಲ್ಲ, ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿ. ಬಾಡಿಗೆ ಮನೆಗಳಲ್ಲಿ ಮುಸಲ್ಲಾ (ನಮಾಜಿನ ಹಾಸು) ಗೋಡೆಗೆ ಓರೆಯಾಗಿ ಹಾಸಿರುವುದು ಅದಕ್ಕೇ. ಹೊತ್ತುಗಳು ಐದು: ಬೆಳಕು ಹರಿಯುವಾಗಿನಿಂದ ಸೂರ್ಯ ಮೂಡುವ ತನಕ ಫಜರ್, ನೆತ್ತಿಯ ಬಿಸಿಲು ವಾಲಿದ ಮೇಲೆ ಜುಹರ್, ನೆರಳು ಉದ್ದವಾದಾಗ ಅಸರ್, ಸೂರ್ಯ ಮುಳುಗಿದೊಡನೆ ಮಗ್ರಿಬ್, ಪಡುವಣದ ಕೆಂಪು ಆರಿದ ಮೇಲೆ ಇಶಾ. ಗಡಿಯಾರ ಬರುವ ಮೊದಲು ಇದನ್ನೆಲ್ಲ ಆಕಾಶ ಮತ್ತು ನೆರಳು ನೋಡಿಯೇ ಗೊತ್ತುಮಾಡುತ್ತಿದ್ದರು. ನಿಂತು, ಬಾಗಿ, ಹಣೆ ಊರುವ ಒಂದು ಸುತ್ತಿಗೆ ರಕಾತು ಎನ್ನುತ್ತಾರೆ. ಕಡ್ಡಾಯದ ರಕಾತುಗಳು ಕ್ರಮವಾಗಿ ಎರಡು, ನಾಲ್ಕು, ನಾಲ್ಕು, ಮೂರು, ನಾಲ್ಕು. ಒಟ್ಟು 17.

ಈ 17ರಲ್ಲಿ ಹೊಸಬರಿಗೆ ಒಂದು ಉಪಕಾರ ಅಡಗಿದೆ. ಪ್ರತಿ ರಕಾತಿಗೂ ಫಾತಿಹಾ ಅಧ್ಯಾಯ ಇದ್ದೇ ಇದೆ, ಏಳು ವಾಕ್ಯಗಳದ್ದು. ಒಂಟಿಯಾಗಿ ಮಾಡುವವರು ಬರೀ ಕಡ್ಡಾಯ ನಮಾಜುಗಳಲ್ಲೇ ದಿನಕ್ಕೆ ಹದಿನೇಳು ಸಲ ಅದನ್ನು ಹೇಳುತ್ತಾರೆ. ಬಾಯಿಪಾಠಕ್ಕೆಂದು ಬೇರೆ ಹೊತ್ತು ತೆಗೆಯಬೇಕಾಗಿಯೇ ಇಲ್ಲ. ನೋಡಿಕೊಂಡು ಹೇಳುತ್ತಿದ್ದವರು ಕೆಲವೇ ವಾರಗಳಲ್ಲಿ ಚೀಟಿ ಮಡಚಿಡುತ್ತಾರೆ. ಅದರ ಜೊತೆಗೆ ಮೊದಲೆರಡು ರಕಾತುಗಳಲ್ಲಿ ಇನ್ನೊಂದು ಅಧ್ಯಾಯ ಬೇಕು, ಅದಕ್ಕೆ ಕೊನೆಯ ಪುಟಗಳ ಪುಟ್ಟ ಸೂರಾಗಳಿವೆ: ಮೂರು ವಾಕ್ಯದ ಕೌಸರ್, ನಾಲ್ಕು ವಾಕ್ಯದ ಇಖ್ಲಾಸ್. ಇಷ್ಟಾದರೆ ಜೀವನಪೂರ್ತಿ ನಡೆಯುತ್ತದೆ.

ಕನ್ನಡದ ನಾಲಿಗೆಗೆ ಅರಬಿಯಲ್ಲಿ ಕೆಲವು ಅನುಕೂಲ, ಕೆಲವು ತೊಡಕು. ಹ್ರಸ್ವ ದೀರ್ಘ, ಒತ್ತಕ್ಷರ ನಮಗೆ ಹೊಸದಲ್ಲ. ಆದರೆ ನಮಗೆ ಒಂದು ಹಕಾರವಿದ್ದರೆ ಅಲ್ಲಿ ಎರಡು. ಒಂದು ಎದೆಯಿಂದ ಹಗುರಾಗಿ, ಇನ್ನೊಂದು ಗಂಟಲ ನಡುವಿನಿಂದ ಉಜ್ಜಿಕೊಂಡು ಬರಬೇಕು. ನಮ್ಮ ಕಿವಿಗೆ ಸಕಾರದ ಹಾಗೆ ಕೇಳುವುದು ಅಲ್ಲಿ ಮೂರು ಅಕ್ಷರ. ಅಯಿನ್ ಎಂಬ ಅಕ್ಷರಕ್ಕಂತೂ ನಮ್ಮಲ್ಲಿ ಹತ್ತಿರದ ನೆಂಟರೂ ಇಲ್ಲ. ಕನ್ನಡ ಲಿಪಿಯಲ್ಲಿ ಅಚ್ಚಾದ ನಮಾಜಿನ ಕೈಪಿಡಿಗಳು ಸಿಗುತ್ತವೆ, ಅರ್ಥ ತಿಳಿಯಲು ಅವು ಬೇಕೇ ಬೇಕು. ಮಂಗಳೂರಿನ ಶಾಂತಿ ಪ್ರಕಾಶನದಂಥವರು ಕುರ್‌ಆನಿನ ಕನ್ನಡ ಅನುವಾದ ಕೊಟ್ಟು ದೊಡ್ಡ ಕೆಲಸ ಮಾಡಿದ್ದಾರೆ. ಆದರೆ ಉಚ್ಚಾರಕ್ಕೆ ಕನ್ನಡ ಅಕ್ಷರ ನೆಚ್ಚಿಕೊಂಡರೆ ಮೂರು ಸಕಾರವೂ ಒಂದೇ ಆಗಿಬಿಡುತ್ತದೆ. ಅದಕ್ಕೆ ನೂರಾನಿ ಖಾಯಿದಾದಂಥ ಮೊದಲ ಪುಸ್ತಕ ಹಿಡಿದು, ಕಲಿಸುವವರ ಬಾಯಿ ನೋಡುತ್ತಾ ಅಕ್ಷರದಿಂದಲೇ ಶುರುಮಾಡುವುದು ಒಳ್ಳೆಯದು. ತಡವರಿಸಿಕೊಂಡು ಕಷ್ಟಪಟ್ಟು ಓದುವವರಿಗೆ ಎರಡು ಪಟ್ಟು ಪುಣ್ಯವೆಂದು ಪ್ರವಾದಿಯವರು ಹೇಳಿದ್ದನ್ನು ಅವರ ಪತ್ನಿ ಆಯಿಶಾ ವರದಿ ಮಾಡಿದ್ದಾರೆ. ಕಲಿಸುವವರೆಲ್ಲ ಇದನ್ನು ಮೊದಲ ದಿನವೇ ಹೇಳಬೇಕು. ಎಷ್ಟೋ ಜನ ಓಡಿಹೋಗುವುದು ತಪ್ಪುತ್ತದೆ.

ನಮ್ಮೂರ ಪೇಟೆ ಮಸೀದಿಯಲ್ಲಿ ಇಶಾ ಮುಗಿದ ಮೇಲೆ ಇಮಾಮರಾದ ಹಜರತರು ಒಬ್ಬ ಪೇಂಟಿಂಗ್ ಕೆಲಸದವನಿಗೆ ಕಲಿಸುವುದನ್ನು ಕೂತು ನೋಡಿದ್ದೇನೆ. ಮೂವತ್ತರ ಆಸುಪಾಸಿನವನು. ಕೈ ತುಂಬ ಒಣಗಿದ ಬಣ್ಣ. ಹಜರತರು ಮೊದಲು ನೋಡಿದ್ದೇ ಉಗುರನ್ನು. ಪೇಂಟು ಪದರವಾಗಿ ಕೂತಿದ್ದರೆ ನೀರು ಚರ್ಮಕ್ಕೆ ತಾಗುವುದಿಲ್ಲ, ವುಜೂ ಆಗುವುದಿಲ್ಲ. ಮೆಹಂದಿಯಂತೆ ಬರೀ ರಂಗು ಉಳಿದಿದ್ದರೆ ಅಡ್ಡಿಯಿಲ್ಲ. ತಿನ್ನರ್ ಹಾಕಿ ಉಜ್ಜಿಕೊಂಡು ಬರಲು ಹೇಳಿದರು. ಬಂದ. ನಿಲ್ಲಿಸಿದರು.

“ಈಗ ರುಕೂ ಮಾಡು ಬಾಬಾ.”

ಅವನು ಸೊಂಟ ಬಗ್ಗಿಸಿ, ಬಗ್ಗಿದಷ್ಟೇ ಬೇಗ ಎದ್ದ.

“ಯಾರೂ ಅಟ್ಟಿಸಿಕೊಂಡು ಬರ್ತಾ ಇಲ್ಲ. ಇನ್ನೊಂದು ಸಲ.”

ಈ ಸಲ ಬಾಗಿದಾಗ ಹಜರತರು ತಮ್ಮ ಅಂಗೈಯನ್ನು ಅವನ ಬೆನ್ನ ಮೇಲಿಟ್ಟರು. ಬೆನ್ನು ಚಪ್ಪಟೆಯಾಗಬೇಕು, ಮೇಲೆ ನೀರಿನ ಬಟ್ಟಲಿಟ್ಟರೆ ಚೆಲ್ಲದಷ್ಟು ಎಂದು ಹಳಬರು ಹೇಳುವುದಿದೆ. ತಲೆ ಎತ್ತಿರಬಾರದು, ಜೋತಿರಲೂಬಾರದು, ಬೆನ್ನಿನ ಮಟ್ಟಕ್ಕಿರಬೇಕು. ಬೆರಳು ಬಿಡಿಸಿ ಮಂಡಿ ಹಿಡಿಯಬೇಕು. ಅಲ್ಲೇ ನಿಂತು, ಮಹಾನನಾದ ಪ್ರಭು ಪರಿಶುದ್ಧನು ಎಂಬರ್ಥದ ಪುಟ್ಟ ವಾಕ್ಯವನ್ನು ಮೂರು ಸಲ ಹೇಳಬೇಕು. ಹಜರತರ ಕೈ ಮೂರನೆಯದು ಮುಗಿಯುವ ತನಕ ಬೆನ್ನಿನ ಮೇಲೇ ಇತ್ತು. ಎದ್ದ ಮೇಲೆ ಮಾತ್ರ ಇನ್ನೊಂದು ಮಾತು: “ಎದ್ದ ತಕ್ಷಣ ಸಜ್ದಾಕ್ಕೆ ಹೋಗಬೇಡ. ಎಲುಬೆಲ್ಲ ಅದರದರ ಜಾಗಕ್ಕೆ ಬರಲಿ.” ಇದು ಅವರ ಸ್ವಂತದ ಮಾತಲ್ಲ, ಹದೀಸಿನಲ್ಲೇ ಇರುವ ಸೂಚನೆ. ಆದರೆ ಬೆನ್ನ ಮೇಲೆ ಕೈಯಿಟ್ಟು ಹೇಳಿದ್ದರಿಂದ ಅದು ಮೈಗೆ ಇಳಿಯಿತು.

ಹಣೆ ಊರುವ ಸಜ್ದಾ ಕಲಿಯಲು ಹೆಚ್ಚು ಹೊತ್ತು ಹಿಡಿಯಿತು. ಏಳು ಎಲುಬುಗಳ ಮೇಲೆ ಸಜ್ದಾ ಎಂದು ಹದೀಸು ಎಣಿಸುತ್ತದೆ: ಹಣೆ (ಅದರ ಜೊತೆ ಮೂಗು), ಎರಡು ಅಂಗೈ, ಎರಡು ಮಂಡಿ, ಎರಡು ಪಾದಗಳ ಬೆರಳು. ಹೊಸಬರಲ್ಲಿ ಹಣೆ ಊರುತ್ತದೆ, ಮೂಗು ತೇಲುತ್ತದೆ. ಇಲ್ಲವೇ ಪಾದ ಹಿಂದಕ್ಕೆ ಚಾಚಿಕೊಂಡು ಬೆರಳು ನೆಲ ಬಿಟ್ಟಿರುತ್ತದೆ. ಕಾಲ್ಬೆರಳನ್ನು ಒಳಗೆ ಮಡಚಿ ತುದಿ ಕಿಬ್ಲಾದ, ಅಂದರೆ ಕಾಬಾದ, ಕಡೆ ತಿರುಗಿಸಬೇಕು. ದಿನವಿಡೀ ಏಣಿಯ ಮೇಲೆ ನಿಂತು ಬಂದ ಕಾಲಿಗೆ ಅದು ಸುಲಭವಲ್ಲ. ಮೊಣಕೈ ನೆಲಕ್ಕೆ ಹಾಸಬಾರದು, ಪಕ್ಕೆಗೆ ಅಂಟಿಸಲೂಬಾರದು. ಕೈಬೆರಳು ರುಕೂದಲ್ಲಿ ಬಿಡಿಸಿರಬೇಕು, ಸಜ್ದಾದಲ್ಲಿ ಜೋಡಿಸಿರಬೇಕು. ಇಳಿಯುವಾಗ ಮೊದಲು ಮಂಡಿ, ಆಮೇಲೆ ಕೈ, ಆಮೇಲೆ ಮೂಗು, ಹಣೆ. ಏಳುವಾಗ ಇದೇ ತಿರುಗುಮುರುಗು. ಹಜರತರು ಒಂದೊಂದನ್ನೂ ತಾವು ಮಾಡಿ ತೋರಿಸಿದರು, ಆಮೇಲೆ ಅವನ ಪಕ್ಕಕ್ಕೆ ಬಂದು ನೆಲದಲ್ಲಿ ಕೂತು ಅವನ ಕಾಲ್ಬೆರಳನ್ನು ಕೈಯಿಂದಲೇ ಮಡಚಿಟ್ಟರು. ಎಪ್ಪತ್ತು ದಾಟಿದ ಇಮಾಮರು ಕೂಲಿ ಮಾಡುವ ಹುಡುಗನ ಕಾಲು ಮುಟ್ಟುವುದು ಅಲ್ಲಿ ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ. ವಿಡಿಯೊ ನೋಡಿ ಕಲಿಯುವವರಿಗೆ ಸಿಗದಿರುವುದು ಇದು. ಪರದೆ ಸರಿಯಾದದ್ದನ್ನು ತೋರಿಸಬಲ್ಲದು, ನಿಮ್ಮ ತಪ್ಪನ್ನು ನೋಡಲಾರದು.

ಎರಡು ರಕಾತಿಗೊಮ್ಮೆ ಕೂತು ಓದುವ ಅತ್ತಹಿಯ್ಯಾತ್ ಹೊಸಬರ ಪಾಲಿಗೆ ಘಟ್ಟದ ರಸ್ತೆ. ಉದ್ದವಾದದ್ದು, ತಿರುವುಗಳಿರುವುದು, ಎಲ್ಲರೂ ಒಳಗೊಳಗೇ ಓದುವುದರಿಂದ ಕೇಳಿ ಕಲಿಯಲೂ ಆಗದ್ದು. ಪ್ರವಾದಿಯವರ ಸಂಗಾತಿ ಅಬ್ದುಲ್ಲಾ ಇಬ್ನ್ ಮಸ್‌ಊದ್ ತಾವು ಇದನ್ನು ಕಲಿತ ಬಗೆ ಹೇಳಿದ್ದಾರೆ: ಪ್ರವಾದಿಯವರು ತಮ್ಮ ಎರಡೂ ಅಂಗೈಗಳ ನಡುವೆ ಇವರ ಕೈ ಹಿಡಿದುಕೊಂಡು, ಕುರ್‌ಆನಿನ ಸೂರಾ ಕಲಿಸುವ ಹಾಗೆ ಕಲಿಸಿದರಂತೆ. ಹನಫಿಗಳು ಇವತ್ತು ಓದುವುದು ಇವರಿಂದ ಬಂದ ಪಾಠವನ್ನೇ. ಇನ್ನೊಂದು ಪಂಥದವರಾದ ಶಾಫಿಗಳು ಮತ್ತೊಬ್ಬ ಸಂಗಾತಿ ಇಬ್ನ್ ಅಬ್ಬಾಸರಿಂದ ಬಂದ, ಒಂದೆರಡು ಶಬ್ದ ವ್ಯತ್ಯಾಸದ ಪಾಠ ಓದುತ್ತಾರೆ. ಇನ್ನೊಂದು ಪ್ರಸಂಗ ಮಾಲಿಕ್ ಇಬ್ನ್ ಹುವೈರಿಸ್ ಅವರದು. ಅವರಿದ್ದ ತರುಣರ ಗುಂಪೊಂದು ಮದೀನಾಕ್ಕೆ ಬಂದು ಇಪ್ಪತ್ತು ರಾತ್ರಿ ತಂಗಿತ್ತು. ಹುಡುಗರಿಗೆ ಮನೆ ನೆನಪಾಗುತ್ತಿದೆಯೆಂದು ಪ್ರವಾದಿಯವರೇ ಗಮನಿಸಿ, ಊರಿಗೆ ಹೋಗಿ, ನಿಮ್ಮವರಿಗೂ ಕಲಿಸಿ, ನಾನು ನಮಾಜ್ ಮಾಡುವುದನ್ನು ಹೇಗೆ ಕಂಡಿರೋ ಹಾಗೆ ಮಾಡಿ ಎಂದು ಬೀಳ್ಕೊಟ್ಟರು. ಪಠ್ಯವಿಲ್ಲ, ಪಟ್ಟಿಯಿಲ್ಲ. ನೋಡಿದ್ದೇ ಪಾಠ.

ಹಾಗೆ ನೋಡಿ ನೋಡಿ ಬಂದದ್ದರಿಂದಲೇ ಪರಂಪರೆಗಳಲ್ಲಿ ಸಣ್ಣ ವ್ಯತ್ಯಾಸಗಳೂ ಉಳಿದಿವೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಘಟ್ಟದ ಮೇಲಿನ ಉರ್ದು ಮನೆಮಾತಿನವರು ಹೆಚ್ಚಾಗಿ ಹನಫಿಗಳು. ಹನಫಿಗಳು ಕೈ ಕಟ್ಟುವುದು ಹೊಕ್ಕುಳ ಕೆಳಗೆ, ಶಾಫಿಗಳು ಹೊಕ್ಕುಳ ಮೇಲೆ. ಶಾಫಿಗಳು ರುಕೂಗೆ ಹೋಗುವಾಗಲೂ ಏಳುವಾಗಲೂ ಕೈ ಎತ್ತುತ್ತಾರೆ, ಇಮಾಮರ ಹಿಂದೆ ಆಮೀನ್ ಗಟ್ಟಿಯಾಗಿ ಹೇಳುತ್ತಾರೆ, ಇಮಾಮರು ಓದಿದರೂ ತಾವೂ ಫಾತಿಹಾ ಓದುತ್ತಾರೆ, ಫಜರಿನ ಎರಡನೇ ರಕಾತಿನಲ್ಲಿ ನಿಂತು ಕುನೂತ್ ಪ್ರಾರ್ಥನೆ ಮಾಡುತ್ತಾರೆ. ಹನಫಿಗಳಲ್ಲಿ ಇವು ಇಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವರು ಮೊದಲ ದಿನ ಪಕ್ಕದವರ ಕೈ ನೋಡಿ ಗಲಿಬಿಲಿಯಾಗುವುದುಂಟು. ಎರಡೂ ಸರಿಯೆಂದು ಎರಡೂ ಕಡೆಯ ಪಂಡಿತರು ಒಪ್ಪಿರುವಾಗ ಹೊಸಬರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಬ್ಬ ಗುರು ಹೇಳಿದ ಒಂದು ಕ್ರಮ ಹಿಡಿದು ಅದನ್ನೇ ಗಟ್ಟಿಮಾಡಿಕೊಳ್ಳಲಿ. ಇಂಟರ್ನೆಟ್ಟಿನ ವಾದಗಳಿಗೆ ಆಮೇಲೆ ಬೇಕಾದಷ್ಟು ಹೊತ್ತಿದೆ, ಇಲ್ಲದಿದ್ದರೂ ನಷ್ಟವಿಲ್ಲ.

ನನಗೆ ಈ ವಿದ್ಯೆಯಲ್ಲಿ ಅತಿ ಹೆಚ್ಚು ಮೆಚ್ಚಿಗೆಯಾದದ್ದು ತಪ್ಪಿಗೆ ಇಟ್ಟಿರುವ ಜಾಗ. ಮೂರನೇ ರಕಾತೋ ನಾಲ್ಕನೆಯದೋ ಮರೆತುಹೋಯಿತು ಎನ್ನಿ. ಕಲಿಯುವವರಿಗೆ ಇದು ದಿನನಿತ್ಯದ ಕಥೆ. ಮನಸ್ಸಿಗೆ ಯಾವುದೂ ಖಚಿತವಾಗದಿದ್ದರೆ ಕಡಿಮೆಯ ಲೆಕ್ಕ ಹಿಡಿದು ಮುಂದುವರಿದು, ಕೊನೆಯಲ್ಲಿ ಎರಡು ಸಜ್ದಾ ಹೆಚ್ಚಿಗೆ ಮಾಡಿದರಾಯಿತು. ಮರೆವಿನ ಈ ಸಜ್ದಾಕ್ಕೆ ಸಜ್ದಾ ಸಹವ್ ಎನ್ನುತ್ತಾರೆ. ಪ್ರವಾದಿಯವರೇ ಒಮ್ಮೆ ನಾಲ್ಕರ ನಮಾಜನ್ನು ಎರಡಕ್ಕೆ ಮುಗಿಸಿಬಿಟ್ಟಿದ್ದರು. ಜನ ನೆನಪಿಸಿದ ಮೇಲೆ ಉಳಿದದ್ದು ಪೂರೈಸಿ ಈ ಎರಡು ಸಜ್ದಾ ಮಾಡಿದರು. ಇಮಾಮರು ತಪ್ಪಿದರೆ ಹಿಂದಿನ ಗಂಡಸರು ಸುಬ್‌ಹಾನಲ್ಲಾ ಎನ್ನುತ್ತಾರೆ, ಹೆಂಗಸರಾದರೆ ಕೈ ತಟ್ಟುತ್ತಾರೆ. ಯಾರೂ ಹೆಸರು ಹಿಡಿದು ಕೂಗುವುದಿಲ್ಲ, ನಮಾಜೂ ಮುರಿಯುವುದಿಲ್ಲ.

ತಡವಾಗಿ ಬಂದವರಿಗೂ ದಾರಿಯಿದೆ. ಇಮಾಮರು ರುಕೂದಲ್ಲಿರುವಾಗ ಬಂದು ಸೇರಿಕೊಂಡರೆ ಆ ರಕಾತು ಸಿಕ್ಕಿದ ಲೆಕ್ಕ. ತಪ್ಪಿಹೋದದ್ದನ್ನು ಇಮಾಮರು ಸಲಾಮ್ ಹೇಳಿದ ಮೇಲೆ ಎದ್ದು ಪೂರೈಸಿಕೊಳ್ಳಬೇಕು. ರುಕೂ ಸಿಗಲೆಂದು ಓಡಿಬರುವುದು ಮಾತ್ರ ಸಲ್ಲದು, ನಡೆದೇ ಬರಬೇಕು. ನಿಂತು ಮಾಡಲಾಗದವರು ಕೂತು, ಕೂರಲಾಗದವರು ಮಲಗಿ ಸನ್ನೆಯಲ್ಲಿ ಮಾಡಬಹುದು. ನೀರಿಲ್ಲದಿದ್ದರೆ ಶುದ್ಧ ಮಣ್ಣಿಗೆ ಕೈ ತಟ್ಟಿ ಮುಖಕ್ಕೂ ಕೈಗೂ ಸವರಿಕೊಂಡರೆ ಸಾಕು. ದೂರ ಪ್ರಯಾಣದಲ್ಲಿ ನಾಲ್ಕು ರಕಾತು ಎರಡಾಗುತ್ತದೆ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಜ್ ಇಲ್ಲ, ಆಮೇಲೆ ಆ ಬಾಕಿ ತೀರಿಸಬೇಕಾಗಿಯೂ ಇಲ್ಲ. ಇನ್ನು ಕುರ್‌ಆನಿನ ಒಂದು ವಾಕ್ಯವೂ ಬಾಯಿಗೆ ಬಾರದ ಹೊಸಬರು? ಅಂಥವನೊಬ್ಬ ಪ್ರವಾದಿಯವರ ಬಳಿ ಬಂದು ಕೇಳಿದಾಗ, ದೇವರನ್ನು ಕೊಂಡಾಡುವ ನಾಲ್ಕೈದು ಪುಟ್ಟ ಮಾತುಗಳನ್ನು ಹೇಳಿಕೊಟ್ಟು ಸದ್ಯಕ್ಕೆ ಅದನ್ನೇ ಹೇಳೆಂದರು. ಕಲಿಯುವ ತನಕ ಕಾಯಬೇಡ, ಮಾಡುತ್ತಲೇ ಕಲಿ ಎಂಬ ಧೋರಣೆ ಇದು.

ಸಾಲಿನಲ್ಲಿ ನಿಲ್ಲುವುದೂ ಒಂದು ಕಲಿಕೆ. ನಮಾಜ್ ಶುರುವಾಗುವ ಮೊದಲು ಇಮಾಮರು ತಿರುಗಿ ನೋಡಿ ಸಫ್ ನೇರ ಮಾಡಿ ಎನ್ನುತ್ತಾರೆ. ಭುಜಕ್ಕೆ ಭುಜ, ಹಿಮ್ಮಡಿಗೆ ಹಿಮ್ಮಡಿ ಸಮವಾಗಬೇಕು. ವಿಜಯಪುರದ ಜಾಮಿ ಮಸೀದಿಗೆ ಹೋದವರು ನೆಲ ನೋಡಿ ಬನ್ನಿ. ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ ಎದ್ದ ಆ ಮಸೀದಿಯ ನೆಲದ ಮೇಲೆ, ಒಬ್ಬೊಬ್ಬರಿಗೆ ಒಂದರಂತೆ ಮುಸಲ್ಲಾದ ಆಕಾರದ ಸುಮಾರು 2,250 ಚೌಕಗಳ ಗುರುತಿದೆ. ಒಬ್ಬ ಮನುಷ್ಯ ನಿಂತು, ಬಾಗಿ, ಹಣೆ ಊರಲು ಎಷ್ಟು ಜಾಗ ಬೇಕೋ ಅಷ್ಟೇ ಅಳತೆ. ಯಾರಿಗೂ ದೊಡ್ಡ ಚೌಕವಿಲ್ಲ.

ಹೊಸದಾಗಿ ಜಮಾತಿಗೆ, ಅಂದರೆ ಸಾಮೂಹಿಕ ನಮಾಜಿಗೆ, ಹೋಗುವವರಿಗೆ ಮಗ್ರಿಬ್ ಒಳ್ಳೆಯ ಹೊತ್ತು. ಮೂರೇ ರಕಾತು, ಮೊದಲೆರಡರಲ್ಲಿ ಇಮಾಮರು ಗಟ್ಟಿಯಾಗಿ ಓದುವುದರಿಂದ ಕಿವಿಗೂ ಪಾಠವಾಗುತ್ತದೆ. ಜುಹರ್, ಅಸರಿನಲ್ಲಿ ಎಲ್ಲವೂ ಮೌನ, ಎಲ್ಲಿದ್ದೇವೆಂದೇ ಗೊತ್ತಾಗುವುದಿಲ್ಲ. ಎರಡನೇ ಸಾಲಿನಲ್ಲಿ ನಿಲ್ಲಿ, ಮುಂದೆ ನೋಡಲು ಜನ ಇರುತ್ತಾರೆ. ಇಮಾಮರಿಗಿಂತ ಮುಂಚೆ ಬಾಗಬೇಡಿ, ಅವರು ಬಾಗಿದ ಮೇಲೆ ಬಾಗಿ. ಮನೆಯಲ್ಲಿ ಮೊಬೈಲ್ ನೋಡಿ ಕಲಿತಿದ್ದರೂ ಸರಿಯೇ, ಒಮ್ಮೆ ಬಲ್ಲವರ ಎದುರು ಎರಡು ರಕಾತು ಮಾಡಿ ತೋರಿಸಿ. ಹೆಣ್ಣುಮಕ್ಕಳು ಮನೆಯ ಹಿರಿಯ ಹೆಂಗಸರ ಎದುರು ಮಾಡಿದರಾಯಿತು, ಅವರ ಸಜ್ದಾದ ಭಂಗಿ ಸ್ವಲ್ಪ ಬೇರೆ, ಮೈ ಒಟ್ಟುಮಾಡಿಕೊಂಡು ಮಾಡುವುದು. ಇಮಾಮರನ್ನು ಕೇಳುವುದಾದರೆ ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಅವತ್ತು ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಇಶಾ ಮುಗಿದು ಜನ ಚದುರಿದ ಮೇಲೆ ಹೋಗಿ ಕೂರಿ. ನನಗೆ ಬರುವುದಿಲ್ಲ, ಕಲಿಸಿಕೊಡಿ ಎಂದರೆ ಸಾಕು, ಫೀಸು ಕೇಳುವವರನ್ನು ನಾನಂತೂ ಕಂಡಿಲ್ಲ.